ನೀಲಿ ಮಾತ್ರೆ ಮತ್ತು ಆರೋಗ್ಯದ ಮಾದರಿಗಳು

ಆರೋಗ್ಯವೆಂದರೇನು ಎಂದು ತರಗತಿಯಲ್ಲಿ ಕೇಳಿದರೆ ‘ರೋಗ ಇಲ್ಲದಿರುವುದು’ ಎಂಬ ಉತ್ತರವೇ ಮೊದಲು ಬರುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನ ಅಷ್ಟಕ್ಕೆ ನಿಲ್ಲುವುದಿಲ್ಲ. ದೈಹಿಕ, ಮಾನಸಿಕ, ಸಾಮಾಜಿಕ ಯೋಗಕ್ಷೇಮವನ್ನೂ ಸೇರಿಸುತ್ತದೆ. ಬಿ.ಇಡಿ. ನೋಟ್ಸಿನಲ್ಲಿ ನಾವೆಲ್ಲ ಬರೆದುಕೊಂಡ ವಾಕ್ಯವಿದು. ಈ ವ್ಯತ್ಯಾಸವನ್ನು ಎಂಟನೇ ತರಗತಿಗೆ ತಿಳಿಸಲು ಬೇರೆ ಉದಾಹರಣೆ ಹುಡುಕಬೇಕಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಸಾಕು.

ಜೈವಿಕ-ವೈದ್ಯಕೀಯ ಮಾದರಿಯಲ್ಲಿ ರಕ್ತಹೀನತೆ ಒಂದು ಅಳತೆ. ಹನ್ನೆರಡು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಪರಿಹಾರ, 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆ; ಜೊತೆಗೆ ಜಂತುಹುಳುವಿಗೆ ಆಲ್ಬೆಂಡಜೋಲ್. ಇದನ್ನು ಹಗುರವಾಗಿ ಕಾಣುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 59.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಬರೀ ಉಪದೇಶದಿಂದ ಇಷ್ಟು ದೊಡ್ಡ ಕೊರತೆ ತುಂಬುವುದಿಲ್ಲ.

ಆದರೆ ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಕಿಟಕಿಯಾಚೆ ನೀಲಿ ಮಾತ್ರೆಗಳು ಬಿದ್ದಿರುತ್ತಿದ್ದವು. ಇಲ್ಲಿ ವರ್ತನಾ ಬದಲಾವಣೆಯ ವಿಧಾನ ಬರುತ್ತದೆ: ಮಲ ಕಪ್ಪಾದರೆ ಹೆದರಬೇಡಿ, ಸೊಪ್ಪಿನ ಸಾರಿಗೆ ನಿಂಬೆ ಹಿಂಡಿಕೊಳ್ಳಿ, ಊಟದ ಜೊತೆಗೆ ಟೀ ಬೇಡ. ಎಲ್ಲವೂ ಸರಿಯಾದ ಮಾಹಿತಿಯೇ. ಸಿ ಜೀವಸತ್ವ ಕಬ್ಬಿಣ ಹೀರಿಕೆಗೆ ನೆರವಾಗುತ್ತದೆ, ಟೀಯಲ್ಲಿನ ಟ್ಯಾನಿನ್ ತಡೆಯುತ್ತದೆ. ಆದರೆ “ಮಿಸ್, ಬೆಳಿಗ್ಗೆ ಏಳಕ್ಕೇ ಬಸ್ಸು, ತಿಂಡಿ ತಿಂದಿರಲ್ಲ, ಮಾತ್ರೆ ನುಂಗಿದ್ರೆ ಹೊಟ್ಟೆ ತೊಳಸುತ್ತೆ” ಎಂದ ಹುಡುಗಿಗೆ ಈ ಮಾಹಿತಿಯಿಂದ ಏನು ಪ್ರಯೋಜನ? ಅವಳಿಗೆ ತಿಳಿವಳಿಕೆಯ ಕೊರತೆಯಿಲ್ಲ. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವವಳಿಗೆ ‘ಪೌಷ್ಟಿಕ ಆಹಾರ ಸೇವಿಸಿ’ ಎನ್ನುವುದು ತಪ್ಪನ್ನು ಅವಳ ಮೇಲೆಯೇ ಹೊರಿಸಿದಂತೆ.

ಜಾರ್ಜ್ ಎಂಗೆಲ್ 1977ರಲ್ಲಿ ಮಂಡಿಸಿದ ಜೈವಿಕ-ಮನೋ-ಸಾಮಾಜಿಕ ಮಾದರಿ ಅವಳ ಭಯವನ್ನೂ ಮನೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1986ರ ಒಟ್ಟಾವಾ ಸನ್ನದು ಇನ್ನೂ ಮುಂದೆ ಹೋಗಿ, ಆರೋಗ್ಯಕ್ಕೆ ಪೂರಕವಾದ ನೀತಿ, ಪರಿಸರ, ಸಮುದಾಯದ ಪಾಲ್ಗೊಳ್ಳುವಿಕೆ ಬೇಕೆನ್ನುತ್ತದೆ. ಬಯಲು ಶೌಚದ ಮಣ್ಣಿನಲ್ಲಿ ಬರಿಗಾಲಲ್ಲಿ ನಡೆದರೆ ಕೊಕ್ಕೆಹುಳು ಚರ್ಮದ ಮೂಲಕ ದೇಹ ಸೇರಿ ಕರುಳಿನಲ್ಲಿ ರಕ್ತ ಹೀರುತ್ತದೆ. ಹಾಗಾದರೆ ನೀರಿರುವ ಶೌಚಾಲಯವೂ ಬಿಸಿಯೂಟದ ಮೊಟ್ಟೆಯೂ ರಕ್ತಹೀನತೆಯ ಪಾಠದೊಳಗೇ ಬರಬೇಕಲ್ಲವೆ?

ನನ್ನ ಪಾಠಯೋಜನೆಯ ಅನುಸರಣಾ ಚಟುವಟಿಕೆಯಾಗಿ ಮಕ್ಕಳೇ ಮುಖ್ಯ ಶಿಕ್ಷಕರಿಗೆ ಮನವಿ ಬರೆದರು. ಎರಡೇ ಕೋರಿಕೆ: ಮಾತ್ರೆಯನ್ನು ಬಿಸಿಯೂಟದ ನಂತರ ಕೊಡಬೇಕು, ಶೌಚಾಲಯದ ನಲ್ಲಿಯಲ್ಲಿ ನೀರು ಬರಬೇಕು. ಮೊದಲನೆಯದು ಮರುವಾರವೇ ಜಾರಿಗೆ ಬಂತು. ಎರಡನೆಯದು ಎಸ್‌ಡಿಎಂಸಿ ಸಭೆಯ ಮುಂದಿದೆ.