ಮನೆ ಕಟ್ಟುವ ಪರವಾನಿಗೆ

ಹುಬ್ಬಳ್ಳಿ-ಧಾರವಾಡಗಳಲ್ಲಿ ಹೊಸ ಮನೆ ಕಟ್ಟಿಸುವ ಗೃಹಸ್ಥರಲ್ಲಿ ಒಂದು ವಿಚಿತ್ರವಾದ ಪದ್ಧತಿಯನ್ನು ನಾವು ಬಹುಕಾಲದಿಂದ ನೋಡುತ್ತ ಬಂದಿದ್ದೇವೆ. ಮೊದಲು ಪುರೋಹಿತರನ್ನು ಕರೆಸಿ ಭೂಮಿಪೂಜೆಗೆ ಮುಹೂರ್ತವನ್ನು ನಿಶ್ಚಯಿಸುವರು. ಬಳಿಕ ಗೌಂಡಿಗೆ ಮುಂಗಡ ಕೊಡುವರು. ಆಮೇಲೆ ಉಸುಕು, ಇಟ್ಟಂಗಿ, ಖಡಿಗಳ ಲೆಕ್ಕ. ಇವೆಲ್ಲ ಮುಗಿದು ಮುಹೂರ್ತಕ್ಕೆ ಎಂಟು ದಿವಸ ಉಳಿದಾಗ, ಹೆಚ್ಚಾಗಿ ಮನೆಯ ಅಳಿಯಂದಿರು, ‘ಮಾವನವರೇ, ಪರವಾನಿಗೆ ತೆಗೆಸಿದಿರೇನು?’ ಎಂದು ಕೇಳುವರು. ಅಲ್ಲಿಂದ ಓಡಾಟವು ಪ್ರಾರಂಭವಾಗುವದು. ಮುಹೂರ್ತಗಳು ಪಂಚಾಂಗದಲ್ಲಿ ಬೇಕಾದಷ್ಟು ಇವೆ. ಕೇಳಿಕೊಂಡರೆ ಪುರೋಹಿತರು ಇನ್ನೊಂದನ್ನು ತೆಗೆದುಕೊಡುವರು. ಆದಕಾರಣ ಈ ಕ್ರಮವನ್ನು ತಿರುಗಿಸಿ, ಕಾಗದಗಳನ್ನು ಮೊದಲಿಗೂ ಮುಹೂರ್ತವನ್ನು ಕಡೆಗೂ ಇಟ್ಟುಕೊಳ್ಳಬೇಕೆಂದು ವಾಚಕರಲ್ಲಿ ನಮ್ಮ ವಿಜ್ಞಾಪನೆ.

ಊರಾಳಿಕೆಯು ಈ ಊರುಗಳಿಗೆ ಹೊಸದಲ್ಲ. ಹುಬ್ಬಳ್ಳಿ, ಧಾರವಾಡಗಳೆರಡಕ್ಕೂ ಮ್ಯುನಿಸಿಪಾಲಿಟಿಗಳು ಬಂದದ್ದು ಕಂಪನಿ ಸರಕಾರದ ಕಡೆಯ ವರ್ಷಗಳಲ್ಲಿ, ೧೮೫೦ರ ದಶಕದಲ್ಲಿ. ಇಪ್ಪತ್ತು ಕಿಲೋಮೀಟರು ಅಂತರದ ಈ ಎರಡೂ ಊರುಗಳನ್ನು ೧೯೬೨ರಲ್ಲಿ ಕೂಡಿಸಿ ಒಂದು ಮಹಾನಗರಪಾಲಿಕೆಯನ್ನು ಮಾಡಿದರು. ಕಟ್ಟಡಗಳ ವಿಷಯದಲ್ಲಿ ಪಾಲಿಕೆಗೆ ಆಧಾರವಾದದ್ದು ೧೯೭೬ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಶನ್ನುಗಳ ಕಾಯಿದೆ. ಇದಲ್ಲದೆ ನಗರಾಭಿವೃದ್ಧಿ ಪ್ರಾಧಿಕಾರವೆಂಬ ಮತ್ತೊಂದು ಸಂಸ್ಥೆಯುಂಟು; ಅದು ೧೯೮೭ರ ಕಾಯಿದೆಯ ಸಂತಾನ. ಹೊಲವನ್ನು ನಿವೇಶನಗಳಾಗಿ ಒಡೆಯುವ ಬಡಾವಣೆಯ ನಕಾಶೆಗೆ ಒಪ್ಪಿಗೆ ಕೊಡುವದು ಸಾಮಾನ್ಯವಾಗಿ ಪ್ರಾಧಿಕಾರ. ಆ ನಿವೇಶನದ ಮೇಲೆ ಮನೆಯೇಳಿಸಲು ಅಪ್ಪಣೆ ಕೊಡುವದು ಪಾಲಿಕೆ. ಒಂದು ಕಚೇರಿಯ ಒಪ್ಪಿಗೆಯನ್ನು ತೋರಿಸಿ ಎರಡನೆಯದೂ ಆಯಿತೆಂದು ತಿಳಿಯುವ ಸಜ್ಜನರು ಬಹಳ.

ಪರವಾನಿಗೆಯ ತೊಂದರೆಯೆಂದು ಜನರು ಹೇಳುವದರಲ್ಲಿ ಮುಕ್ಕಾಲು ಪಾಲು ಭೂಮಿಯ ತೊಂದರೆಯೇ ಆಗಿರುತ್ತದೆ. ಹಳೆಯ ಓಣಿಗಳಲ್ಲಿ ಸಿಟಿ ಸರ್ವೆಯ ಉತಾರವುಂಟು, ನಂಬರವೂ ಉಂಟು. ಆದರೆ ಉತಾರದಲ್ಲಿ ಅಜ್ಜನ ಹೆಸರೇ ಉಳಿದಿರುವದು. ಅಜ್ಜನು ತೀರಿಕೊಂಡ ಮೇಲೆ ವಾರಸಾ ಮಾಡಿಸಿದವರಿಲ್ಲ. ಅಣ್ಣತಮ್ಮಂದಿರ ವಾಟ್ಣಿಯು ಬಾಯಿಮಾತಿನಲ್ಲಿ ನಡೆದುಹೋಗಿದೆ. ಹೆಣ್ಣುಮಕ್ಕಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. ಮಾಳಿಗೆಮನೆಯನ್ನು ಕೆಡವಿ ಹೊಸದನ್ನು ಕಟ್ಟಬೇಕೆಂದಾಗ ಆ ಮಾತುಗಳೆಲ್ಲ ಒಮ್ಮೆಲೇ ಏಳುವವು. ಹಿರಿಯರು ಇರುವಾಗಲೇ, ಪ್ರೀತಿಯು ಕೆಡುವದಕ್ಕೆ ಮುಂಚೆ, ವಾಟ್ಣಿಯನ್ನು ನೋಂದಣಿ ಮಾಡಿಸುವದು ಲೇಸು.

ಊರ ಹೊರಗಿನ ಗುಂಟೆ ಜಾಗಗಳ ಕಥೆ ಇನ್ನೂ ಕಠಿಣ. ನಮ್ಮ ಪರಿಚಯದವರೊಬ್ಬರು, ವ್ಯಾಪಾರದಲ್ಲಿ ಬಹು ಚತುರರು, ಎರಡು ಗುಂಟೆ ಜಾಗವನ್ನು ನೂರು ರೂಪಾಯಿಯ ಬಾಂಡ್ ಕಾಗದದ ಮೇಲೆ ಕರಾರು ಬರೆಸಿಕೊಂಡು ಕೊಂಡರು. ಮಗಳ ಮದುವೆಗೆಂದು ಕೂಡಿಟ್ಟ ಹಣವೂ, ಮನೆಯಾಕೆಯ ಪಾಟ್ಲಿಗಳನ್ನು ಒತ್ತೆಯಿಟ್ಟು ತಂದ ಹಣವೂ ಅದಕ್ಕೇ ಹೋದವು. ಹೊಲವು ಬೇಸಾಯದ ಹೊಲವಾಗಿಯೇ ಇತ್ತು. ೧೯೬೪ರ ಭೂಕಂದಾಯ ಕಾಯಿದೆಯ ೯೫ನೆಯ ಕಲಮಿನ ಪ್ರಕಾರ ಆಗಬೇಕಾದ ಭೂಪರಿವರ್ತನೆಯೂ ಆಗಿರಲಿಲ್ಲ, ಬಡಾವಣೆಯ ನಕಾಶೆಯೂ ಮಂಜೂರಾಗಿರಲಿಲ್ಲ. ನೂರು ರೂಪಾಯಿ ಮತ್ತು ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟವು ನೋಂದಣಿಯಿಲ್ಲದೆ ಸಿದ್ಧಿಸದೆಂದು ೧೮೮೨ರಷ್ಟು ಹಳೆಯದಾದ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳಿರಲು, ನೂರು ರೂಪಾಯಿಯ ಬಾಂಡಿನ ಮೇಲೆ ಲಕ್ಷಗಳನ್ನು ಕೊಡುವದು ಸಾಹಸವೇ ಸರಿ. ಪರವಾನಿಗೆಗೆ ಹೋದಾಗ ಇವರ ಹೆಸರಿನಲ್ಲಿ ಖಾತೆಯೇ ಇರಲಿಲ್ಲ. ಖಾತೆಯಿಲ್ಲದ್ದರಿಂದ ಬ್ಯಾಂಕಿನ ಸಾಲವೂ ಇಲ್ಲ. ಪಾಟ್ಲಿಗಳು ಇನ್ನೂ ತಿರುಗಿ ಬಂದಿಲ್ಲ. ಜಾಗದಲ್ಲಿ ಈಗ ಜಾಲಿಯ ಗಿಡಗಳಿವೆ.

ಕಾಗದಗಳು ಸರಿಯಾದ ಮೇಲೆ ಉಳಿದದ್ದು ಅಷ್ಟು ಭಯಂಕರವಲ್ಲ. ಕ್ರಯಪತ್ರ, ಇ-ಖಾತೆ, ಕರ ಕಟ್ಟಿದ ರಸೀದಿ, ಋಣಭಾರ ಪತ್ರ, ಮಂಜೂರಾದ ಬಡಾವಣೆಯ ನಕಾಶೆ, ಇವುಗಳೊಡನೆ ಕಟ್ಟಡದ ನಕಾಶೆಯನ್ನು ಅಧಿಕೃತ ಇಂಜಿನಿಯರರು ತಯಾರಿಸಿ ಈಗ ಗಣಕಯಂತ್ರದ ಮುಖಾಂತರವೇ ಸಲ್ಲಿಸುವರು. ನಕಾಶೆಯಲ್ಲಿ ಹೆಚ್ಚು ಜಗಳಕ್ಕೆ ಕಾರಣವಾಗುವದು ಮನೆಯ ನಾಲ್ಕೂ ಮಗ್ಗುಲಿಗೆ ಬಿಡಬೇಕಾದ ತೆರವು ಜಾಗ. ‘ನಮ್ಮ ರೊಕ್ಕ ಕೊಟ್ಟು ಕೊಂಡ ನೆಲವನ್ನು ಗಾಳಿಗೆ ಏಕೆ ಬಿಡಬೇಕು?’ ಎಂದು ಕೇಳುವವರಿದ್ದಾರೆ. ಇದು ಪರದೇಶದಿಂದ ಬಂದ ಕಾಯಿದೆಯೆಂದು ಆಕ್ಷೇಪಿಸುವವರೂ ಇದ್ದಾರೆ.

ಅಂಥವರಿಗೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೋರಿಸಬೇಕಾಗುವದು. (ಆ ಗ್ರಂಥವನ್ನು ೧೯೦೯ರಲ್ಲಿ ಮೈಸೂರಿನಲ್ಲಿ ಮೊದಲು ಅಚ್ಚು ಹಾಕಿಸಿ ಜಗತ್ತಿಗೆ ಒದಗಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳೆಂಬದನ್ನು ಕನ್ನಡಿಗರು ಮರೆಯಬಾರದು.) ಅದರ ಮೂರನೆಯ ಅಧಿಕರಣದಲ್ಲಿ ಮನೆಗಳ ವ್ಯವಹಾರಕ್ಕೇ ಒಂದು ಭಾಗವುಂಟು. ಎರಡು ಮನೆಗಳ ನಡುವೆ ಇಷ್ಟು ಅಂತರವಿರಬೇಕು, ಬಚ್ಚಲ ನೀರು ನೆರೆಯವನ ಗೋಡೆಗೆ ತಗಲದಂತೆ ದೂರದಲ್ಲಿ ಹರಿಯಬೇಕು, ಬೆಳಕಿನ ಕಿಂಡಿಯನ್ನು ಎತ್ತರದಲ್ಲಿ ಇಡಬೇಕು, ತಪ್ಪಿದವನು ದಂಡ ತೆರಬೇಕು ಎಂದು ಅಲ್ಲಿ ವಿಧಿಸಿದೆ. ಬಾಣಂತಿಯ ಸಲುವಾಗಿ ತೋಡಿದ ಗುಂಡಿಗೆ ಮಾತ್ರ ಹತ್ತು ದಿವಸಗಳವರೆಗೆ ವಿನಾಯತಿ. ಎರಡು ಸಾವಿರ ವರ್ಷಗಳಿಗೆ ಸಮೀಪದ ಈ ವಿಧಿಗಳಿಗೂ, ನಮ್ಮ ಓಣಿಗಳಲ್ಲಿ ಗಟಾರಕ್ಕಾಗಿ ನಡೆಯುವ ಇಂದಿನ ಜಗಳಗಳಿಗೂ ಬಹಳ ದೂರವಿಲ್ಲ.

ನೆಲದ ಗುಣವನ್ನೂ ಇಲ್ಲಿ ಹೇಳಬೇಕು. ಧಾರವಾಡದ ಪಶ್ಚಿಮಕ್ಕೆ ಕೆಂಪು ನೆಲ. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೋದಂತೆ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವದು, ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುವದು. ಅದರ ಮೇಲೆ ಮೇಲಾಗಿ ಹಾಕಿದ ಬುನಾದಿಯು ವರ್ಷಕ್ಕೊಮ್ಮೆ ಏರಿಳಿದು ಗೋಡೆಗಳಲ್ಲಿ ಓರೆಯಾದ ಬಿರುಕುಗಳನ್ನು ಮೂಡಿಸುವದು. ‘ನಮ್ಮ ಗೌಂಡಿಗೆ ಎಲ್ಲ ಗೊತ್ತು’ ಎಂಬ ಮಾತು ಒಂದು ಮಾಳಿಗೆಯ ಮನೆಗೆ ಸಾಕಾಗಬಹುದು. ಮೇಲೆ ಎರಡು ಮೂರು ಅಂತಸ್ತುಗಳನ್ನು ಏರಿಸುವವರು ಮಣ್ಣಿನ ಪರೀಕ್ಷೆಯನ್ನೂ ಬುನಾದಿಯ ಲೆಕ್ಕವನ್ನೂ ಬಲ್ಲವರಿಂದ ಮಾಡಿಸದೆ ಕೆಲಸ ಹಿಡಿಯಕೂಡದು.

ಈ ಮಾತನ್ನು ನಾವು ಒತ್ತಿ ಹೇಳುವದಕ್ಕೆ ಕಾರಣವುಂಟು. ೨೦೧೯ರ ಮಾರ್ಚ ೧೯ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ, ಮೇಲೆ ಇನ್ನೂ ಕಟ್ಟುತ್ತಲಿದ್ದು ಕೆಳಗೆ ಆಗಲೇ ಅಂಗಡಿಗಳು ನಡೆಯುತ್ತಲಿದ್ದ ಬಹು ಅಂತಸ್ತಿನ ಕಟ್ಟಡವೊಂದು ಹಾಡುಹಗಲಲ್ಲಿ ಕುಸಿದು ಬಿದ್ದಿತು. ಹತ್ತೊಂಬತ್ತು ಜನರು ತೀರಿಕೊಂಡರು. ಅವಶೇಷಗಳ ಕೆಳಗಿನಿಂದ ಜನರನ್ನು ಹೊರಗೆ ತೆಗೆಯುವ ಕೆಲಸವು ದಿವಸಗಟ್ಟಲೆ ನಡೆಯಿತು. ಊರಿಗೆ ಊರೇ ಬ್ಯಾರಿಕೇಡುಗಳ ಆಚೆ ನಿಂತುಕೊಂಡು ಕಾಯಿತು. ಸಾಮಾನು ಕೊಳ್ಳಲು ಹೋದವರು, ಕೂಲಿಗೆ ಬಂದವರು, ಇವರಲ್ಲಿ ಯಾರಾದರೂ ಆ ಕಟ್ಟಡದ ನಕಾಶೆಯನ್ನು ನೋಡಲು ಶಕ್ತರಿದ್ದರೇ? ತಮ್ಮ ಪರವಾಗಿ ಬೇರೆ ಯಾರೋ ನೋಡಿರುವರೆಂಬ ನಂಬಿಗೆಯಿಂದಲೇ ಅವರು ಒಳಗೆ ಹೋದದ್ದು.

ಅರ್ಜಿಯು ಪೂರ್ಣವಾಗಿ ಸಂದ ಮೇಲೆ ಮೂವತ್ತು ದಿವಸಗಳೊಳಗೆ ಕಮಿಶನರರು ಒಪ್ಪಿಗೆಯನ್ನಾಗಲಿ ನಿರಾಕರಣವನ್ನಾಗಲಿ ಬರವಣಿಗೆಯಲ್ಲಿ ತಿಳಿಸಬೇಕೆಂದು ೧೯೭೬ರ ಕಾಯಿದೆಯಲ್ಲಿ ಇದೆ. ತಿಳಿಸದಿದ್ದರೆ ಪರವಾನಿಗೆ ತಾನಾಗಿಯೇ ಸಿಕ್ಕಿತೆಂದು ಕೆಲವರು ಬುನಾದಿ ತೋಡುವರು. ಹಾಗಲ್ಲ. ಮೊದಲು ಸ್ಥಾಯೀ ಸಮಿತಿಗೆ ಲಿಖಿತವಾಗಿ ಬರೆದುಕೊಳ್ಳಬೇಕು. ಅದೂ ಒಂದು ತಿಂಗಳು ಸುಮ್ಮನಿದ್ದರೆ ಮಾತ್ರ ಒಪ್ಪಿಗೆಯಾಯಿತೆಂದು ಎಣಿಕೆ. ಆಗಲೂ ನಿಯಮಗಳನ್ನು ಮೀರಿ ಕಟ್ಟಲು ಅಧಿಕಾರ ಬರುವದಿಲ್ಲ. ಅರ್ಜಿಯ ಸ್ವೀಕೃತಿ ಪತ್ರವನ್ನು ಕೈಯಲ್ಲಿ ಇಟ್ಟುಕೊಳ್ಳದವರಿಗೆ ದಿವಸಗಳನ್ನು ಎಣಿಸುವ ಆಧಾರವೇ ಇರುವದಿಲ್ಲ.

ಮಂಜೂರಾದ ಮೇಲೆ ಮನೆಯವರೇ ನಕಾಶೆಯನ್ನು ಬದಲಿಸುವದು ಇನ್ನೊಂದು ಪಿಡುಗು. ಕೆಳಗೆ ನಾಲ್ಕು ಅಡಿ ಬಿಟ್ಟವರು ಮೇಲೆ ಮೂರು ಅಡಿ ಹೊರಚಾಚುವರು. ವಾಹನ ನಿಲ್ಲಿಸುವ ಜಾಗವನ್ನು ಬಾಡಿಗೆಯ ಕೋಣೆ ಮಾಡುವರು. ‘ಮುಂದೆ ಅಕ್ರಮ-ಸಕ್ರಮ ಬಂದೇ ಬರುತ್ತದೆ’ ಎಂದು ನಂಬಿಕೊಂಡವರು, ಆ ಯೋಜನೆಗೆ ೨೦೧೭ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆ ಕೊಟ್ಟದ್ದನ್ನು ನೆನೆಯಬೇಕು. ಅದೇ ನ್ಯಾಯಾಲಯವು ೨೦೨೪ರ ಡಿಸೆಂಬರ ೧೭ರ ತೀರ್ಪಿನಲ್ಲಿ, ಕಟ್ಟಡ ಪೂರ್ಣವಾದ ಪ್ರಮಾಣಪತ್ರವನ್ನು ನೋಡಿದ ಮೇಲೆಯೇ ನೀರು, ವಿದ್ಯುತ್ತುಗಳನ್ನು ಕೊಡತಕ್ಕದ್ದೆಂದೂ, ಬ್ಯಾಂಕುಗಳು ಸಾಲ ಕೊಡುವಾಗ ಅದನ್ನು ಪರಿಶೀಲಿಸತಕ್ಕದ್ದೆಂದೂ ಹೇಳಿತು. ಚಿಕ್ಕ ಮನೆಗಳಿಗೆ ಇದು ಎಷ್ಟರಮಟ್ಟಿಗೆ ಅನ್ವಯಿಸುವದೆಂಬದನ್ನು ಕಟ್ಟುವವರು ಆಯಾ ಹೊತ್ತಿಗೆ ವಲಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಲಿ. ಕೆಲಸ ಮುಗಿದ ಒಂದು ತಿಂಗಳೊಳಗೆ ಮುಕ್ತಾಯದ ಸೂಚನೆ ಕೊಟ್ಟು ವಾಸಕ್ಕೆ ಅಪ್ಪಣೆ ಪಡೆಯಬೇಕೆಂಬದು ಮೂಲ ಕಾಯಿದೆಯಲ್ಲಿಯೇ ಇದ್ದರೂ, ಗೃಹಪ್ರವೇಶದ ಹೋಳಿಗೆಯ ಗದ್ದಲದಲ್ಲಿ ಅದನ್ನು ನೆನೆಯುವವರು ವಿರಳ.

ಧಾರವಾಡಕ್ಕೆ ಪ್ರತ್ಯೇಕ ಮಹಾನಗರಪಾಲಿಕೆಯನ್ನು ಮಾಡಲು ರಾಜ್ಯದ ಮಂತ್ರಿಮಂಡಲವು ೨೦೨೫ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಕಚೇರಿಗಳು ಹಂಚಿಹೋಗುವ ಕಾಲದಲ್ಲಿ ಹಳೆಯ ಕಡತಗಳೂ ಸ್ಥಳ ಬದಲಿಸುವವು. ಆದ್ದರಿಂದ ಮಂಜೂರಾದ ನಕಾಶೆ, ಪರವಾನಿಗೆಯ ಪತ್ರ, ಶುಲ್ಕದ ರಸೀದಿ, ಪೂರ್ಣತೆಯ ಪ್ರಮಾಣಪತ್ರ, ಇವುಗಳ ಮೂಲಪ್ರತಿಗಳನ್ನು ಗೌಂಡಿಯ ಹತ್ತಿರವಾಗಲಿ ಇಂಜಿನಿಯರರ ಹತ್ತಿರವಾಗಲಿ ಬಿಡದೆ ಮನೆಯ ಟ್ರಂಕಿನಲ್ಲಿಯೇ ಇಡತಕ್ಕದ್ದು. ಯಾವ ಟ್ರಂಕೆಂಬದು ಯಜಮಾನರಿಗೆ ಮಾತ್ರವಲ್ಲದೆ ಮನೆಯ ಗೃಹಿಣಿಗೂ ತಿಳಿದಿರಲಿ.