ಹುಣಸೆಯ ತುದಿಗೆ ನೀರು

ಆಳವಾದ ತೆರೆದ ಬಾವಿಯಲ್ಲಿ ಪಂಪ್‌ಸೆಟ್ಟನ್ನು ದಡದ ಮೇಲಿಡದೆ ನೀರಿಗೆ ಹತ್ತಿರವಾಗಿ ಒಳಗೆ ಇಳಿಸಿ ಕೂರಿಸಬೇಕಾಗುವುದಕ್ಕೆ ಭೌತಶಾಸ್ತ್ರದ ಒಂದು ಮಿತಿಯೇ ಕಾರಣ. ಹೀರುವ ಪಂಪು ನಿಜವಾಗಿ ನೀರನ್ನು ಎಳೆಯುವುದಿಲ್ಲ. ಅದು ಪೈಪಿನೊಳಗಿನ ಗಾಳಿಯನ್ನು ತೆಗೆದಾಗ ಹೊರಗಿನ ವಾತಾವರಣದ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ, ಆ ಒತ್ತಡಕ್ಕಾದರೋ ಸುಮಾರು 10 ಮೀಟರ್‌ಗಿಂತ ಹೆಚ್ಚು ಎತ್ತರಕ್ಕೆ ತಳ್ಳುವ ಶಕ್ತಿಯಿಲ್ಲ. ಆದರೆ ಕೂಡ್ಲಿಗಿ, ಕೊಟ್ಟೂರುಗಳ ಬಯಲಿನಲ್ಲಿ ನಿಂತಿರುವ ಹುಣಸೆಯಂಥ ಮರ 20 ಮೀಟರ್‌ಗೂ ಎತ್ತರ ಬೆಳೆದು, ಯಾವ ಚಲಿಸುವ ಭಾಗವೂ ಇಲ್ಲದೆ, ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ತುದಿಯ ಎಲೆಗೆ ನೀರು ಮುಟ್ಟಿಸುತ್ತದೆ.

ಬೇರುಗಳೇ ನೀರನ್ನು ಮೇಲಕ್ಕೆ ಒತ್ತುತ್ತವೆ ಎಂಬುದು ಮೊದಲಿಗೆ ಹೊಳೆಯುವ ಉತ್ತರ. ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ದ್ರಾಕ್ಷಿ ಬಳ್ಳಿಯಲ್ಲಿ ಈ ಬೇರಿನ ಒತ್ತಡವನ್ನು ಅಳೆದು 1727ರಲ್ಲಿ ಪ್ರಕಟಿಸಿದ. ನಸುಕಿನಲ್ಲಿ ಜೋಳದ ಗರಿಯ ಅಂಚಿನಲ್ಲಿ ಕಾಣುವ ಹನಿಗಳೆಲ್ಲ ಇಬ್ಬನಿಯಲ್ಲ. ಅವುಗಳಲ್ಲಿ ಕೆಲವು ಈ ಒತ್ತಡದಿಂದ ಒಳಗಿನಿಂದಲೇ ಒಸರಿದ ನೀರು. ಆದರೆ ಬೇರಿನ ಒತ್ತಡ ಪ್ರಬಲವಾಗುವುದು ನೆಲ ನೆನೆದು, ಗಾಳಿ ತೇವವಾಗಿರುವಾಗ. ಮರ ಅತಿ ವೇಗವಾಗಿ ನೀರು ಏರಿಸುವುದು ಒಣ ಗಾಳಿಯ ಹಗಲಿನಲ್ಲಿ. ಸಣ್ಣ ನಾಳದಲ್ಲಿ ದ್ರವ ತಾನಾಗಿ ಮೇಲೇರುವ ಲೋಮನಾಳ ಕ್ರಿಯೆಯೂ ಇಲ್ಲಿ ಸಾಲದು, ಏಕೆಂದರೆ ಒಂದು ಮಿಲಿಮೀಟರ್‌ನ ನೂರರಲ್ಲಿ ನಾಲ್ಕು ಭಾಗದಷ್ಟು ಅಗಲದ ನಾಳದಲ್ಲಿ ಅದು ನೀರನ್ನು ಮುಕ್ಕಾಲು ಮೀಟರ್‌ನಷ್ಟು ಮಾತ್ರ ಎತ್ತಬಲ್ಲದು. ಜಗದೀಶಚಂದ್ರ ಬೋಸರು ಕಾಂಡದ ಜೀವಂತ ಕೋಶಗಳ ಮಿಡಿತವೇ ರಸವನ್ನು ಏರಿಸುತ್ತದೆ ಎಂದು ವಾದಿಸಿ 1923ರಲ್ಲಿ ಒಂದು ಗ್ರಂಥವನ್ನೇ ಬರೆದರು. ಅವರ ಉಪಕರಣಗಳ ಸೂಕ್ಷ್ಮತೆ ಇಂದಿಗೂ ಬೆರಗು ಹುಟ್ಟಿಸುತ್ತದೆಯಾದರೂ ಆ ವಾದ ನಿಲ್ಲಲಿಲ್ಲ. ಜರ್ಮನಿಯ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಅದಕ್ಕೂ ಮೊದಲೇ, ಕಾಂಡದ ಕೋಶಗಳನ್ನು ವಿಷದಿಂದ ಕೊಂದ ಮೇಲೂ ನೀರು ಏರುವುದನ್ನು ತೋರಿಸಿದ್ದ.

ಇಂದು ಸಸ್ಯವಿಜ್ಞಾನಿಗಳು ಬಹುಮಟ್ಟಿಗೆ ಒಪ್ಪಿರುವ ವಿವರಣೆಯನ್ನು ಡಿಕ್ಸನ್ ಮತ್ತು ಜೋಲಿ ಎಂಬಿಬ್ಬರು ಡಬ್ಲಿನ್‌ನಲ್ಲಿ 1894ರಲ್ಲಿ ಮಂಡಿಸಿದರು. ಅದರ ಪ್ರಕಾರ ನೀರನ್ನು ಎಳೆಯುವುದು ಒಣ ಗಾಳಿ. ಎಲೆಯ ಮೇಲಿನ ಸೂಕ್ಷ್ಮ ಬಾಯಿಗಳಾದ ಪತ್ರರಂಧ್ರಗಳ ಮೂಲಕ ನೀರು ಆವಿಯಾದಂತೆ, ಎಲೆಯ ಕೋಶಭಿತ್ತಿಯಲ್ಲಿರುವ ನೀರಿನ ಪೊರೆ ಒಳಕ್ಕೆ ಬಾಗಿ ಹಿಂದಿನ ನೀರನ್ನು ಸೆಳೆಯುತ್ತದೆ, ನೀರಿನ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಆ ಸೆಳೆತ ದಾರುವಿನ ಮೂಲಕ, ಅಂದರೆ ಕಟ್ಟಿಗೆಯೊಳಗಿನ ಸತ್ತ ಕೋಶಗಳ ನಾಳಗಳ ಮೂಲಕ, ಬೇರಿನ ತುದಿಯವರೆಗೂ ಇಳಿಯುತ್ತದೆ. ಆರ್ದ್ರತೆ ಶೇ 50 ಇರುವ ಗಾಳಿ ನೀರನ್ನು ಸೆಳೆಯುವ ಶಕ್ತಿ ವಾತಾವರಣದ ಒತ್ತಡದ 900 ಪಟ್ಟಿಗೂ ಮಿಗಿಲು. ಬೇಸಿಗೆಯ ಮಧ್ಯಾಹ್ನ ಈ ಸೀಮೆಯ ಗಾಳಿ ಅದಕ್ಕಿಂತಲೂ ಒಣಗಿರುತ್ತದೆ. ಪಂಪಿಗೆ ಇರುವ 10 ಮೀಟರ್ ಮಿತಿ ಮರವನ್ನು ಕಟ್ಟಿಹಾಕದಿರುವುದು, ಅದರ ನಾಳಗಳಲ್ಲಿ ಗಾಳಿಯ ಗುಳ್ಳೆಯೇ ಇಲ್ಲದೆ ನೀರಿನ ಕಂಬ ಜಗ್ಗಿದರೂ ತುಂಡಾಗದೆ ಉಳಿಯುವುದರಿಂದ.

ಅಪಾಯ ಇರುವುದೂ ಇಲ್ಲಿಯೇ. ನೆಲ ಒಣಗಿ ಎಳೆತ ಮಿತಿಮೀರಿದರೆ ನಾಳಕ್ಕೆ ಗುಳ್ಳೆ ನುಗ್ಗಿ ಕಂಬ ತುಂಡಾಗುತ್ತದೆ, ಆಗ ಆ ನಾಳ ಗಾಳಿ ಹಿಡಿದ ಪಂಪಿನಂತೆ ನಿಷ್ಪ್ರಯೋಜಕವಾಗುತ್ತದೆ. ನಾಳಗಳ ನಡುವಣ ತೆಳುಪೊರೆಗಳು ಗುಳ್ಳೆಯನ್ನು ಅಲ್ಲಿಯೇ ತಡೆಯುವುದರಿಂದ ಪಕ್ಕದ ನಾಳಗಳು ಕೆಲಸ ಮುಂದುವರಿಸುತ್ತವೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸಿನ ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಬೆಳೆಯ ಬಾಳೆಂದರೆ ಬಹುಪಾಲು ಈ ಕಂಬವನ್ನು ಕಾಯ್ದುಕೊಳ್ಳುವುದೇ ಆಗಿದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ ನೀರನ್ನು ಸಡಿಲವಾಗಿ ಹಿಡಿಯುವುದರಿಂದ ಹದ ಮಳೆಗೆ ಬೆಳೆ ಬೇಗ ಚೇತರಿಸಿಕೊಂಡು ಬೇಗ ಬಾಡುತ್ತದೆ. ಎರೆಯ, ಅಂದರೆ ಕಪ್ಪು ಮಣ್ಣಿನ ಜೇಡಿ ಕಣಗಳು ನೀರನ್ನು ಬಿಗಿಯಾಗಿ ಹಿಡಿದಿಡುವುದರಿಂದ, ಮುಟ್ಟಿದರೆ ತೇವ ಕಾಣುವ ಎರೆಯಲ್ಲಿಯೂ ಬೇರು ಸೋತು ಪೈರು ಸೊರಗುವುದುಂಟು. ಜೋಳ ಎಲೆಗಳನ್ನು ಸುರುಳಿ ಸುತ್ತಿ, ರಂಧ್ರಗಳನ್ನು ಮುಚ್ಚಿ, ಬೆಳವಣಿಗೆಯನ್ನೇ ನಿಲ್ಲಿಸಿ ಮಳೆಗಾಗಿ ಕಾಯಬಲ್ಲದು. ಅದರ ಜಾಗವನ್ನು ಹೆಚ್ಚು ಹೆಚ್ಚಾಗಿ ಆಕ್ರಮಿಸಿರುವ ಮೆಕ್ಕೆಜೋಳವೂ ಎಲೆ ಸುತ್ತುತ್ತದೆ, ಆದರೆ ಸೂಲಂಗಿ ಮೂಡುವ ಹೊತ್ತಿಗೆ ನೀರು ತಪ್ಪಿದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ. ಮಾರುಕಟ್ಟೆಯ ಲೆಕ್ಕದಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಕಟ್ಟುವವರು ಕಡಿಮೆ. ಹೊಂಗೆಯ ಜಾಣತನ ಇನ್ನೊಂದು ಬಗೆಯದು: ಹಳೆಯ ಎಲೆಗಳನ್ನು ಉದುರಿಸಿ ಎಳೆತವನ್ನು ತಗ್ಗಿಸಿ, ಆಳದ ಬೇರುಗಳಿಂದ ಕಾಂಡದಲ್ಲಿ ನೀರು ತುಂಬಿಕೊಂಡು, ಯುಗಾದಿಯ ಬಿಸಿಲಿನಲ್ಲಿಯೇ ಅದು ಚಿಗುರುತ್ತದೆ.

ಆದರೆ ಈಚಲು ಮರದಿಂದ ಇಳಿಸುವ ಸಿಹಿ ರಸ ನೀರನ್ನು ಏರಿಸುವ ಈ ನಾಳಗಳದ್ದಲ್ಲ. ಸಕ್ಕರೆಯನ್ನು ಬೇಕಾದೆಡೆಗೆ ಒಯ್ಯುವ ಫ್ಲೋಯಂ ಎಂಬ ಬೇರೆ ಜೀವಂತ ಕೋಶಗಳ ಸಾಲಿನಲ್ಲಿ ರಸ ಎಳೆತದಿಂದ ಹರಿಯದೆ ಒತ್ತಡದಿಂದ ಹರಿಯುತ್ತದೆ, ಆದ್ದರಿಂದಲೇ ಕೊಯ್ದ ಗಾಯದಿಂದ ಅದು ಹೊರಕ್ಕೆ ಸುರಿಯುತ್ತದೆ.

ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯ ಮೊಗ್ಗುಗಳನ್ನು ನಸುಕಿನಲ್ಲಿ ಬಿಡಿಸುವುದಕ್ಕೂ ಗಾಳಿಯ ಎಳೆತದ ಲೆಕ್ಕವೇ ಹೊಂದುತ್ತದೆ. ರಾತ್ರಿ ಪತ್ರರಂಧ್ರಗಳು ಮುಚ್ಚಿದಾಗ ಎಳೆತ ಸಡಿಲಗೊಂಡು, ಬೇರು ಹಗಲಿನ ಕೊರತೆಯನ್ನು ತುಂಬಿ, ಬೆಳಗಿನ ಜಾವಕ್ಕೆ ಮೊಗ್ಗು ನೀರಿನಿಂದ ಬಿಗಿದುಕೊಂಡಿರುತ್ತದೆ. ಬಿಡಿಸಿದ ಕ್ಷಣದಿಂದ ಅದಕ್ಕೆ ನೀರಿನ ದಾರಿ ಕಡಿದುಹೋದರೂ ಎಸಳುಗಳಿಂದ ಆವಿಯಾಗುವಿಕೆ ನಿಲ್ಲುವುದಿಲ್ಲ. ಮೊಗ್ಗಿಗೆ ಹೊದಿಸುವ ಒದ್ದೆ ಬಟ್ಟೆ ಅದಕ್ಕೆ ನೀರುಣಿಸುವುದಕ್ಕಿಂತ ಹೆಚ್ಚಾಗಿ ಸುತ್ತಲಿನ ಗಾಳಿಯನ್ನು ತೇವಗೊಳಿಸಿ ಅದರ ಸೆಳೆತವನ್ನು ತಗ್ಗಿಸುತ್ತದೆ.