ಬಿ ಮತ್ತು ಐ ಒಟ್ಟಿಗೆ ಒತ್ತಿದಾಗ

ಕಂಪ್ಯೂಟರಿನಲ್ಲಿ ಪದವೊಂದನ್ನು ಆಯ್ದುಕೊಂಡು ‘ಬಿ’ ಗುಂಡಿ ಒತ್ತಿದರೆ ಅಕ್ಷರ ದಪ್ಪಗಾಗುತ್ತದೆ, ‘ಐ’ ಒತ್ತಿದರೆ ಬಲಕ್ಕೆ ವಾಲುತ್ತದೆ. ಪಕ್ಕಪಕ್ಕದಲ್ಲೇ ಇರುವ ಈ ಎರಡು ಗುಂಡಿಗಳ ಹಿಂದಿನ ಕಥೆಗಳಿಗೆ ಮುನ್ನೂರು ವರ್ಷಗಳ ಅಂತರವಿದೆ. ವೆನಿಸ್‌ನ ಪ್ರಕಾಶಕ ಆಲ್ಡಸ್ ಮನುಷಿಯಸ್, ಫ್ರಾಂಚೆಸ್ಕೊ ಗ್ರಿಫೊ ಕೆತ್ತಿದ ಇಟಾಲಿಕ್ ಮೊಳೆಗಳಲ್ಲಿ ವರ್ಜಿಲನ ಕಾವ್ಯವನ್ನು ಅಂಗೈಗೆ ಒಪ್ಪುವ ಪುಸ್ತಕವಾಗಿ ಅಚ್ಚು ಹಾಕಿದ್ದು 1501ರಲ್ಲಿ. ಅಲ್ಲಿ ಇಡೀ ಪುಸ್ತಕವೇ ಇಟಾಲಿಕ್, ಯಾವ ಪದಕ್ಕೂ ಒತ್ತು ಕೊಡುವ ಉದ್ದೇಶವಿರಲಿಲ್ಲ. ದಪ್ಪ ಅಕ್ಷರವಾದರೋ ಹತ್ತೊಂಬತ್ತನೇ ಶತಮಾನದ ಆರಂಭದ ಲಂಡನ್ನಿನದು. ಲಾಟರಿ ಭಿತ್ತಿಪತ್ರಗಳಲ್ಲಿ ದೂರದಿಂದಲೇ ದಾರಿಹೋಕರ ಕಣ್ಣು ಸೆಳೆಯುವುದೇ ಅದರ ಕಸುಬು.

ಪಂಡಿತನನ್ನೂ ಡಂಗುರದವನನ್ನೂ ಒಂದೇ ಅಂಗಿಯಲ್ಲಿ ತೂರಿಸಿದರೆ ಹೇಗೋ, ಬೋಲ್ಡ್ ಇಟಾಲಿಕ್ ಹಾಗೆ. ಇಟಾಲಿಕ್‌ಗೆ ಮೈ ಕಿರಿದು. ಇಂಗ್ಲಿಷಿನ ಚಿಕ್ಕ ‘ಎನ್’ ನೋಡಿ: ಕಂಬದ ಬುಡದ ಹತ್ತಿರದಿಂದಲೇ ಕವಲೊಡೆದು ಮೇಲೇರಿ ಬಾಗುತ್ತದೆ. ಗೆರೆಗಳನ್ನು ದಪ್ಪ ಮಾಡಿದಿರೋ, ಆ ಕವಲಿನ ಸಂದು ಮುಚ್ಚಿಹೋಗಿ ಕಪ್ಪು ಮುದ್ದೆ ಉಳಿಯುತ್ತದೆ. ಬಲ್ಲ ವಿನ್ಯಾಸಕರು ಕಂಬವನ್ನು ದಪ್ಪಗೇ ಬಿಟ್ಟು ಸಂದನ್ನು ತೆಳುವಾಗಿಸುತ್ತಾರೆ, ಅಕ್ಷರವನ್ನು ಕೂದಲೆಳೆಯಷ್ಟು ಅಗಲಿಸುತ್ತಾರೆ.

1996ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಜಾರ್ಜಿಯಾ ಫಾಂಟಿನಲ್ಲಿ ಈ ಪಾಡು ಇನ್ನೂ ಹೆಚ್ಚಿನದು. ಅದನ್ನು ರೂಪಿಸಿದ ಮ್ಯಾಥ್ಯೂ ಕಾರ್ಟರ್ ಹರೆಯದಲ್ಲೇ ನೆದರ್ಲೆಂಡ್ಸಿನ ಎನ್‌ಸ್ಕೆಡೆ ಮುದ್ರಣಾಲಯದಲ್ಲಿ ಉಕ್ಕಿನ ಮೇಲೆ ಅಕ್ಷರ ಕೆತ್ತಲು ಕಲಿತವರು. ಅಂದಿನ ಒರಟು ಪರದೆಯಲ್ಲಿ ಗೆರೆಯ ದಪ್ಪ ಒಂದು ಪಿಕ್ಸೆಲ್ ಇಲ್ಲವೇ ಎರಡು. ಒಂದೂವರೆ ಎಂಬುದೇ ಇಲ್ಲ. ಹಾಗಾಗಿ ಜಾರ್ಜಿಯಾದ ಬೋಲ್ಡ್ ವಾಡಿಕೆಗಿಂತ ಭಾರ. ವಾಲಿದ ಗೆರೆಯಂತೂ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಕಾರ್ಟರ್ ಮೊದಲು ಚುಕ್ಕಿಗಳಲ್ಲೇ ಅಕ್ಷರ ಕೂಡಿಸಿ, ಆಮೇಲೆ ಅದರ ಸುತ್ತ ನಯವಾದ ಅಂಚು ಎಳೆದರು. (ಹೆಸರಿನ ಮೂಲವೂ ಮೋಜಿನದೇ: ಜಾರ್ಜಿಯಾದಲ್ಲಿ ಅನ್ಯಗ್ರಹ ಜೀವಿಗಳ ತಲೆ ಸಿಕ್ಕಿತೆಂಬ ಟ್ಯಾಬ್ಲಾಯ್ಡ್ ತಲೆಬರಹ.)

ಇಷ್ಟೆಲ್ಲ ಪಾಡು ಪಟ್ಟು ಮಾಡಿದ ಬೋಲ್ಡ್ ಇಟಾಲಿಕ್‌ಗೆ ಕೆಲಸವೆಷ್ಟು? ನಿಜ ಹೇಳಬೇಕೆಂದರೆ ಕಡಿಮೆ. ದಪ್ಪಕ್ಷರದ ಉಪಶೀರ್ಷಿಕೆಯೊಳಗೆ ಸಸ್ಯದ ವೈಜ್ಞಾನಿಕ ಹೆಸರೋ ಪುಸ್ತಕದ ಹೆಸರೋ ಬಂದರೆ ಅದು ಬೇಕೇ ಬೇಕು. ಭೌತವಿಜ್ಞಾನದಲ್ಲಿ ಬಲ, ವೇಗದಂಥ ಸದಿಶಗಳನ್ನು ಅಚ್ಚಿನಲ್ಲಿ ಸೂಚಿಸಲು ಅಂತರರಾಷ್ಟ್ರೀಯ ಮಾನಕ ಒಪ್ಪಿದ ರೂಪವೂ ಇದೇ. ಉಳಿದಂತೆ ಮದುವೆ ಕಾರ್ಡು, ಹೋಟೆಲ್ ಮೆನು, ಕಾದಂಬರಿಯ ರಕ್ಷಾಪುಟ. ಇಡೀ ಪ್ಯಾರಾವನ್ನೇ ಬೋಲ್ಡ್ ಇಟಾಲಿಕ್ ಮಾಡುವವರನ್ನು ಕಂಡರೆ ನನಗಂತೂ ಸಿಟ್ಟು ಬರುತ್ತದೆ.

ಕನ್ನಡದಲ್ಲಿ ಇಟಾಲಿಕ್ ಪರಂಪರೆಯೇ ಇಲ್ಲ. ಬಹುತೇಕ ಫಾಂಟುಗಳಿಗೆ ಪ್ರತ್ಯೇಕ ಇಟಾಲಿಕ್ ಇರುವುದಿಲ್ಲ; ಗುಂಡಿ ಒತ್ತಿದರೆ ಯಂತ್ರವೇ ಅಕ್ಷರವನ್ನು ಓರೆ ಮಾಡುತ್ತದೆ. ಆಗ ತಲೆಕಟ್ಟು ಬಲಕ್ಕೆ ಜರುಗಿದರೆ ಗೆರೆಯ ಕೆಳಗಿನ ಒತ್ತಕ್ಷರ ಎಡಕ್ಕೆ ಜಾರುತ್ತದೆ, ದುಂಡನೆಯ ‘ಠ’ ಸೊಟ್ಟಗಾಗುತ್ತದೆ. ಮೇಲೆ ಕೃತಕವಾಗಿ ದಪ್ಪ ಮಾಡಿದರೆ ‘ಣ’ದ ಒಳಗಿನ ಬಿಳಿಯೂ ಹೂತುಹೋಗುತ್ತದೆ. ಅಂಥ ಕಡೆ ಉದ್ಧರಣ ಚಿಹ್ನೆಯೋ ಬೇರೆ ಬಣ್ಣವೋ ಎಷ್ಟೋ ವಾಸಿ.